ಓದು ನಿಂತ ಪುಟದ ಗರಿ

ನಾನು ಒಂದು ತೆಂಗಿನ ಗರಿ. ಗರಿ ಎಂದರೆ ದೊಡ್ಡ ಮಾತಾಯಿತು, ಸುಳಿಯಿಂದ ಕಿತ್ತ ಒಂದೇ ಒಂದು ಎಲೆ. ನನ್ನನ್ನು ಮಡಿಸಿ, ತಿರುವಿ, ಮತ್ತೆ ಮಡಿಸಿ ಪುಟ್ಟ ಶಿಲುಬೆ ಮಾಡಿದ್ದಾರೆ. ಈಗ ನನ್ನ ಮೈ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಹುಟ್ಟಿದಾಗ ಬೆಣ್ಣೆಯ ಬಣ್ಣವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಚೆಲುವಿನ ಬಗ್ಗೆ ಮಾತಾಡುವ ವಯಸ್ಸು ನನ್ನದು ದಾಟಿತು, ಆದರೂ ಒಮ್ಮೆ ಹೇಳಿಕೊಂಡರೆ ಏನೋ ಸಮಾಧಾನ.

ನನ್ನ ಹುಟ್ಟೂರು ಕನಕಪುರದ ಕಡೆಯ ಅನ್ನಮ್ಮನಪಾಳ್ಯ. ಪಾಳ್ಯವೆಂದರೆ ಒಂದು ಚರ್ಚು, ಒಂದು ಕಾನ್ವೆಂಟು, ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಗೂ ರೇಷ್ಮೆ ಹುಳು ಸಾಕುವ ಒಂದು ಕೋಣೆ. ಅಲ್ಲಿನ ಉಪದೇಶಿ ಅರುಳಪ್ಪನವರ ಹಿತ್ತಲ ಮರದಲ್ಲಿ ನಾನಿದ್ದೆ. ಉಪದೇಶಿ ಎಂದರೆ ಮಕ್ಕಳಿಗೆ ಜಪ ಕಲಿಸುವವರು, ಚರ್ಚಿನಲ್ಲಿ ಹಾಡು ಎತ್ತಿಕೊಡುವವರು, ಚರ್ಚಿನ ಪಾದ್ರಿ ಸ್ವಾಮಿಗಳು ಊರಲ್ಲಿಲ್ಲದಾಗ ಸ್ವಾಮಿಗಳಿಗಿಂತ ಒಂದು ಕೈ ಹೆಚ್ಚೇ ಗತ್ತು ಮಾಡುವವರು. ಯೇಸು ಜೆರುಸಲೇಮಿಗೆ ಬಂದ ನೆನಪಿಗೆ ಗರಿ ಹಿಡಿದು ಮೆರವಣಿಗೆ ಹೋಗುವ ಗರಿಗಳ ಭಾನುವಾರದ ಹಿಂದಿನ ಸಂಜೆ ಅವರು ಜಗುಲಿಯ ಮೇಲೆ ಕಾಲು ಚಾಚಿ ಕೂತು, ಎಲೆಯಡಿಕೆ ಜಗಿಯುತ್ತಾ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಾ ನಮ್ಮನ್ನು ಮಡಿಸಿದರು. ಮಾತಿನ ಭರದಲ್ಲಿ ನನ್ನ ಒಡಹುಟ್ಟಿದವರಲ್ಲಿ ಎಷ್ಟೋ ಜನ ಸೊಟ್ಟಗಾದರು. ನಾನು ನೆಟ್ಟಗೆ ಬಂದೆ. ಇದನ್ನು ಜಂಬ ಅಂದುಕೊಂಡರೂ ಅಡ್ಡಿಯಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಮೇಲೆ ತೀರ್ಥ ಬಿತ್ತು. ಜನ ಬುಟ್ಟಿಗೆ ಮುಗಿಬಿದ್ದು ನಮ್ಮನ್ನು ಎತ್ತಿಕೊಂಡರು. ನನ್ನನ್ನು ಎತ್ತಿಕೊಂಡವನು ಚೌರಪ್ಪ. ಗೂಡ್ಸ್ ಆಟೊದಲ್ಲಿ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿಬರುವವನು, ಮಾತು ಕಡಿಮೆ. ಮೆರವಣಿಗೆಯಲ್ಲಿ ಅವನ ಪಕ್ಕ ಹೆಂಡತಿ ಲೂರ್ದು ಮೇರಿ ಇದ್ದಳು, ತುಂಬಿದ ಬಸುರಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಹಿಂದೆ ಚೌರಪ್ಪನ ತಾಯಿ ರಾಯಮ್ಮ. ಆಕೆ ಕೊಡೆ ಹಿಡಿದಿದ್ದು ಸೊಸೆಯ ತಲೆಗೆ. ತನ್ನ ತಲೆ ಬಿಸಿಲಲ್ಲೇ ಇತ್ತು.

"ಈ ಸಲ ನಮ್ ಯಜಮಾನ್ರೇ ವಾಪಸ್ ಬತ್ತಾವ್ರೆ ಕಣ್ರೇ," ಎಂದು ಆಕೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು.

ಆ ಪಾಳ್ಯದಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರು. ಅದರಲ್ಲಿ ಮಾತಿಲ್ಲ, ಚೌಕಾಶಿಯಿಲ್ಲ. ರಾಯಮ್ಮನ ಗಂಡ ಇನ್ನಾಸಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಹೆಸರನ್ನು ಮನೆಯಲ್ಲಿ ಮತ್ತೆ ಕೂಗಿ ಕರೆಯುವ ದಿನಕ್ಕೆ ಆಕೆ ಕಾಯುತ್ತಿದ್ದಳು. ಹೆಣ್ಣಾದರೆ ಎಂದು ಯಾರೋ ಕೇಳಿದ್ದಕ್ಕೆ ಆಕೆ ಕೊಟ್ಟ ನೋಟ ನೋಡಿ ನಾನೇ ಒಂದು ಚೂರು ಬಾಡಿದೆ.

ಮನೆಯಲ್ಲಿ ನನ್ನನ್ನು ಯೇಸುವಿನ ಪಟದ ಹಿಂದೆ ಸಿಕ್ಕಿಸಿದರು. ಗರಿಗಳ ಜಾಗ ಅದೇ. ಮುಂದಿನ ವರ್ಷ ಬೂದಿ ಬುಧವಾರ ಬರುವ ಮೊದಲು ಊರಿನ ಹಳೇ ಗರಿಗಳನ್ನೆಲ್ಲ ಚರ್ಚಿಗೆ ವಾಪಸ್ ಕೊಡಬೇಕು, ಅವನ್ನು ಸುಟ್ಟ ಬೂದಿಯನ್ನೇ ಎಲ್ಲರ ಹಣೆಗೆ ಹಚ್ಚುತ್ತಾರೆ. ಹೀಗಾಗಿ ನಮ್ಮ ಆಯುಸ್ಸು ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ. ನಾನು ಬದುಕಿ ಉಳಿದದ್ದು ಒಂದು ಕಾದಂಬರಿಯ ದೆಸೆಯಿಂದ. ಆದರೆ ಅದಕ್ಕೆ ಮುಂಚೆ ನಡೆದದ್ದನ್ನು ಹೇಳಬೇಕು. ಹೇಳಲು ನನಗೆ ಇಷ್ಟವಿಲ್ಲ.

ಮಳೆಗಾಲ ಹಿಡಿಯುತ್ತಿದ್ದಾಗ ಲೂರ್ದು ಹೆತ್ತಳು. ಗಂಡು ಮಗು. ದಿನ ತುಂಬುವ ಮೊದಲೇ ಬಂದಿತ್ತು. ಮಧ್ಯಾಹ್ನ ಹುಟ್ಟಿ, ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟಿತು. ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು. ಪಟದ ಹಿಂದಿನಿಂದ ನನಗೆ ಒಂದು ಮುಷ್ಟಿ ಕಪ್ಪು ಕೂದಲು ಮಾತ್ರ ಕಂಡಿತು.

ಹಳೇ ಸ್ವಾಮಿಗಳಿಗೆ ವರ್ಗವಾಗಿ ಹೊಸಬರು ಇನ್ನೂ ಬಂದಿರಲಿಲ್ಲ. ಊರ ಹಿರಿಯರು ಜಗುಲಿಯಲ್ಲಿ ಕೂತು ತಾವೇ ತೀರ್ಮಾನ ಮಾಡಿದರು. ಹಣೆಗೆ ನೀರು ಹೊಯ್ದು ಹೆಸರಿಟ್ಟು ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನವಾಗದ ಮಗು. ಹಿಂದಿನಿಂದ ಬಂದ ಹಾಗೆ ಸಮಾಧಿ ತೋಟದ ಬೇಲಿಯ ಮೂಲೆಯಲ್ಲಿ ಮಣ್ಣು ಮಾಡುವುದು. ಶಿಲುಬೆ ಇಲ್ಲ, ಹೆಸರಿಲ್ಲ. ಈಗಿನ ಕಾಲದಲ್ಲಿ ಹಾಗೆಲ್ಲ ಮಾಡಬೇಕಿಲ್ಲ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಚೌರಪ್ಪ ಮಾತ್ರ, "ಅವ್ವ, ಒಂದು ಹೆಸ್ರಾದ್ರೂ ಇಡಾನ," ಎಂದ. ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

ರಾಯಮ್ಮ ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದಳು: "ಆ ಹೆಸ್ರು ಮುಟ್ಬ್ಯಾಡ. ಅದು ಮುಂದಿನೋನಿಗಿರ್ಲಿ."

ಒಳಗೆ ಮಂಚದ ಮೇಲಿದ್ದ ಲೂರ್ದು ಅದನ್ನು ಕೇಳಿಸಿಕೊಂಡಳು. ಅತ್ತೆಯ ಮುಖ ಅವಳಿಗೆ ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು. ಆವತ್ತಿನಿಂದ ಅತ್ತೆಯ ಜೊತೆ ಅವಳ ಮಾತು 'ಹೂಂ', 'ಉಹೂಂ', 'ಊಟ ಆಗೈತೆ' ಇಷ್ಟಕ್ಕೆ ನಿಂತಿತು. ಜಗಳವಿಲ್ಲ, ಕೂಗಾಟವಿಲ್ಲ. ಅವಳಿಗೆ ಬೇಕಾಗಿದ್ದು ಇಷ್ಟೇ, ತನ್ನ ಮಗುವನ್ನು ಯಾರಾದರೂ ಒಮ್ಮೆ ಹೆಸರು ಹಿಡಿದು ಕರೆಯಬೇಕು. ಅದನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ. ಸಂಜೆ ಪಟದ ಮುಂದೆ ಕೂತು ಜಪಮಾಲೆ ಮುಗಿಸಿದ ಮೇಲೆ ತುಟಿ ಅಲ್ಲಾಡಿಸುತ್ತಿದ್ದಳು, ಯಾವ ಹೆಸರೂ ಹೊರಗೆ ಬರುತ್ತಿರಲಿಲ್ಲ.

ಕಾನ್ವೆಂಟಿನ ಸಿಸ್ಟರ್ ಕ್ಲೆಮೆನ್ಸಿಯಾ ಅವಳನ್ನು ನೋಡಲು ಬಂದವರು ಉಪದೇಶ ಏನೂ ಹೇಳಲಿಲ್ಲ. ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮಂಚದ ಮೇಲೆ ಇಟ್ಟರು. "ಓದ್ತಾ ಇರು. ಮುಗಿದ್ರೆ ಇನ್ನೊಂದು ಕೊಡ್ತೀನಿ," ಎಂದರು. ಸಿಸ್ಟರ್ ಹತ್ತಿರ ಒಂದು ಕಪಾಟು ತುಂಬ ಅಂಥ ಪುಸ್ತಕಗಳಿದ್ದವು. ಎಲ್ಲಾ ಹಿಂದಿನ ಕಾಲದ ಕ್ರೈಸ್ತರ ಬದುಕಿನ ಕಾದಂಬರಿಗಳು. ಒಂದೊಂದೂ ಒಂದೊಂದು ಶತಮಾನದ್ದು, ಒಂದೊಂದು ದೇಶದ್ದು. ಊರವರು ಮದುವೆ ಆಲ್ಬಮ್ಮು ತಿರುವಿದ ಹಾಗೆ ಮೇಲೆ ಮೇಲೆ ನೋಡಿ ವಾಪಸ್ ಇಡುತ್ತಿದ್ದರಂತೆ. ಪೂರ್ತಿ ಓದುವವಳು ಸಿಕ್ಕಿದ್ದು ಲೂರ್ದು.

ಮೊದಲ ದಿನ ಓದುತ್ತಾ ಓದುತ್ತಾ ಅವಳಿಗೆ ಕಣ್ಣು ಎಳೆಯಿತು. ಗುರುತಿಗೆ ಏನಾದರೂ ಬೇಕಿತ್ತು. ಎದ್ದು ಕೈ ಚಾಚಿ ಪಟದ ಹಿಂದಿನಿಂದ ನನ್ನನ್ನು ಎಳೆದು ಪುಟಗಳ ನಡುವೆ ಇಟ್ಟಳು. ನನ್ನ ಎರಡನೇ ಜೀವನ ಹಾಗೆ ಶುರುವಾಯಿತು.

ಪುಸ್ತಕದೊಳಗಿನ ಬದುಕು ವಿಚಿತ್ರ. ನನಗೆ ಕಾಣುವುದು ಎರಡೇ ಪುಟ, ಓದು ಎಲ್ಲಿ ನಿಂತಿತೋ ಅಲ್ಲಿನದು. ಎಡಗಡೆ ಪುಟದಲ್ಲಿ ಸೈನಿಕರು ಬಾಗಿಲು ಬಡಿಯುತ್ತಿದ್ದರೆ ಬಲಗಡೆ ಪುಟದ ಕೊನೆಯವರೆಗೂ ಬಡಿಯುತ್ತಲೇ ಇರುತ್ತಾರೆ, ಒಳಗೆ ಬಂದರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಆದರೆ ಜನ ಯಾಕೆ ಓದು ನಿಲ್ಲಿಸುತ್ತಾರೆ ಎನ್ನುವುದು ನನಗೆ ಗೊತ್ತು. ಅನ್ನ ಉಕ್ಕಿದಾಗ ನಿಲ್ಲಿಸುತ್ತಾರೆ. ಅಳು ಬಂದಾಗ ನಿಲ್ಲಿಸುತ್ತಾರೆ. ಯಾವುದಾದರೂ ಪುಟ ತೀರಾ ಹತ್ತಿರ ಬಂದುಬಿಟ್ಟಾಗಲೂ ನಿಲ್ಲಿಸುತ್ತಾರೆ.

ಆ ಮೊದಲ ಪುಸ್ತಕ ರೋಮಿನದು. ಚಕ್ರವರ್ತಿಯ ಕಾಲ, ಕ್ರೈಸ್ತರು ನೆಲದಡಿಯ ಸುರಂಗಗಳಲ್ಲಿ ಕದ್ದು ಸೇರಿ ಪ್ರಾರ್ಥನೆ ಮಾಡುತ್ತಿದ್ದ ಕಾಲ. ಲೂರ್ದು ಅದನ್ನು ಹುಳುಮನೆಯಲ್ಲಿ ಕೂತು ಓದುತ್ತಿದ್ದಳು. ರೇಷ್ಮೆ ಹುಳು ಒಂದೇ ಸಮ ತಿನ್ನುತ್ತವೆ, ಆದರೆ ನಡುನಡುವೆ ಪೊರೆ ಬಿಡುವುದಕ್ಕೆ ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತವೆ. ಅದಕ್ಕೆ ಜ್ವರಕ್ಕೆ ಕೂತವು ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಗಲಾಟೆ ಮಾಡುವಂತಿಲ್ಲ, ಮಾಡಲು ಕೆಲಸವೂ ಇಲ್ಲ. ಕೋಣೆಯ ಈ ಮೂಲೆಯಲ್ಲಿ ಸೊಸೆ ಪುಸ್ತಕ ಹಿಡಿದು ರೋಮಿಗೆ ಹೋಗಿಬಿಡುತ್ತಿದ್ದಳು. ಆ ಮೂಲೆಯಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ರಾಯಮ್ಮನಿಗೆ ಓದು ಬಾರದು. ಪುಟ ಮಗುಚುವ ಸದ್ದನ್ನು ಎಷ್ಟು ದಿನ ಅಂತ ಕೇಳಿಕೊಂಡು ಕೂರುವುದು?

"ಅಷ್ಟೊಂದು ಏನೈತೆ ಅದ್ರಾಗೆ?" ಎಂದಳು ಒಂದು ಸಂಜೆ.

ಲೂರ್ದು ಇನ್ನೊಂದು ಪುಟ ಮಗುಚಿದಳು.

"ಒಸಿ ಬಾಯಿಬಿಟ್ಟು ಓದುದ್ರೆ ಬಾಯೇನ್ ಸವ್ದೋಯ್ತದಾ?"

ಲೂರ್ದು ನನ್ನನ್ನು ತೆಗೆದು ತುರುಬಿಗೆ ಸಿಕ್ಕಿಸಿಕೊಂಡು, ಓದು ನಿಂತಿದ್ದ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಹಿಂದಿನ ಕಥೆ ಹೇಳಲಿಲ್ಲ, ಯಾರು ಯಾರೆಂದು ತಿಳಿಸಲಿಲ್ಲ. ಬೇಕಾದರೆ ಕೇಳಿಸಿಕೊ ಅನ್ನುವ ಹಾಗೆ. ಆದರೂ ಆವತ್ತು ಆ ಕೋಣೆಯಲ್ಲಿ ಬಹಳ ದಿನಗಳ ಮೇಲೆ ಅವಳ ದನಿ ತುಂಬಿತು. ಹುಳುಗಳೂ ಕೇಳಿಸಿಕೊಂಡವು ಎಂದು ನನ್ನ ನಂಬಿಕೆ.

ರಾಯಮ್ಮ ಕಥೆ ಕೇಳುವ ರೀತಿ ನೋಡಬೇಕಿತ್ತು. ಆಕೆಗೆ ರೋಮ್ ಅಂದರೆ ರಾಮನಗರದಿಂದ ಒಸಿ ಆಚೆ. "ನೆಲದೊಳಗೆ ಅಷ್ಟು ಜನ ಸೇರ್ಕೊಂಡ್ರೆ ಅಡುಗೆಗೆ ಹೊಗೆ ಎಲ್ಲೋಯ್ತದೆ?" ಎಂದು ಕೇಳುವಳು. ಕ್ರೈಸ್ತರ ನಡುವೆ ಸೇರಿಕೊಂಡಿದ್ದ ಗೂಢಚಾರನೊಬ್ಬ ಸಿಕ್ಕಿಬಿದ್ದ ದಿನ, "ಅವನ ನಡತೆ ಸರಿಯಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು," ಎಂದು ತೊಡೆ ತಟ್ಟಿದಳು. ಕಥಾನಾಯಕನನ್ನು ಸೆರೆಮನೆಗೆ ಹಾಕಿದ ಮರುದಿನ ಆಕೆ ಬೆಳಗಿನ ತಿಂಡಿ ಮುಟ್ಟಲಿಲ್ಲ. ಚೌರಪ್ಪ ಗಾಬರಿಯಾಗಿ ಮೈ ಸರಿಯಿಲ್ಲವಾ ಎಂದು ಕೇಳಿದ. "ನಂಗೇನಾಗೈತೆ? ಆ ಹುಡ್ಗ ಒಳಗವ್ನೆ," ಎಂದಳು. ಅವನು ಯಾವ ಹುಡುಗ, ಯಾವ ಪೊಲೀಸ್ ಠಾಣೆ ಎಂದು ವಿಚಾರಿಸಿಕೊಂಡು ಬೀದಿಗೆ ಹೊರಟೇಬಿಟ್ಟಿದ್ದ.

ಎರಡನೆಯದು ಮಠದ ಕಾದಂಬರಿ. ಬೆಟ್ಟದ ಮೇಲಿನ ಒಂದು ಹಳೆಯ ಮಠ, ಹಿಮ ಬೀಳುವ ದೇಶ. ಅಲ್ಲಿನ ಸನ್ಯಾಸಿಗಳು ಮೌನವ್ರತ ಹಿಡಿದು ಹಗಲೆಲ್ಲ ಪವಿತ್ರ ಗ್ರಂಥವನ್ನು ಚರ್ಮದ ಹಾಳೆಯ ಮೇಲೆ ನಕಲು ಮಾಡುತ್ತಾರೆ. ಲೂರ್ದು ಆ ಮೌನದ ವರ್ಣನೆಯನ್ನು ಬಹಳ ಇಷ್ಟಪಟ್ಟು ಓದುತ್ತಿದ್ದಳು. ರಾಯಮ್ಮ ಆಕಳಿಸಿ, "ಮಾತಾಡ್ದಂಗೆ ಇರಾದು ಅಷ್ಟು ದೊಡ್ಡ ತಪಸ್ಸಾ? ನಮ್ಮನೇಲಿ ಮುಂಗಾರಿಂದ ನಡೀತಾ ಐತೆ," ಎಂದಳು.

ಲೂರ್ದು ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡಳು. ಅವಳು ನಕ್ಕಿದ್ದು ತುರುಬಿನಲ್ಲಿದ್ದ ನನಗೆ ಮಾತ್ರ ಗೊತ್ತಾಯಿತು. ಆದರೆ ನಗು ಬಂದ ಹಾಗೇ ಹೋಯಿತು, ಮುಂದಿನ ಸಾಲು ಓದಿದಳು. ಓದು ಮುಗಿದ ಕೂಡಲೇ ಇಬ್ಬರೂ ಮತ್ತೆ ಸನ್ಯಾಸಿಗಳಾದರು.

ಬೂದಿ ಬುಧವಾರ ಹತ್ತಿರ ಬಂದಾಗ ಅರುಳಪ್ಪನವರು ಬುಟ್ಟಿ ಹಿಡಿದು ಹಳೇ ಗರಿ ಕೇಳಿಕೊಂಡು ಮನೆಮನೆಗೆ ಬಂದರು. ರಾಯಮ್ಮ ಪಟದ ಹಿಂದೆ ಕೈ ಹಾಕಿ ನೋಡಿದರೆ ಬರೀ ಜೇಡರ ಬಲೆ. ಮನೆಯೆಲ್ಲ ಹುಡುಕಿದಳು. ಲೂರ್ದು ರಾಗಿ ಕೇರುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ನಾನು ಪುಸ್ತಕದೊಳಗೆ ಉಸಿರು ಬಿಗಿಹಿಡಿದೆ. ಸಂಜೆ ಓದಿಗೆ ಕೂತಾಗ ಸೊಸೆಯ ತುರುಬಿನಲ್ಲಿ ನಾನು ಆಕೆಯ ಕಣ್ಣಿಗೆ ಬಿದ್ದೆ.

"ಅಯ್ಯೋ ನಿನ್ನ! ಮಂತ್ರಿಸಿದ ಗರೀನ ತಲೆಗೆ ಮುಡ್ಕೊಂಡಿದ್ದೀಯಲ್ಲೇ!"

"ಪುಸ್ತಕಕ್ಕೆ ಗುರುತಿಗಿಟ್ಟಿದ್ದೀನಿ."

ರಾಯಮ್ಮ ನನ್ನನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದಳು. ಅರುಳಪ್ಪನವರ ಬುಟ್ಟಿಗೆ ಒಯ್ದು ಹಾಕುತ್ತಾಳೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಕೆ ನನ್ನನ್ನು ಕಣ್ಣಿಗೆ ಒತ್ತಿಕೊಂಡು ವಾಪಸ್ ಕೊಟ್ಟಳು. "ಇರ್ಲಿ ಬಿಡು. ಎಲ್ಲಿ ನಿಲ್ಸಿದ್ವಿ ಅಂತ ಗೊತ್ತಾಗ್ಬೇಕಲ್ಲ."

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಆ ತಪಸ್ಸು ಕಾಲದಲ್ಲಿ ಸಿಸ್ಟರು ಕೊಟ್ಟದ್ದು ಪ್ಲೇಗಿನ ಕಾದಂಬರಿ. ಕೋಟೆ ಇರುವ ಒಂದು ಊರು. ಒಳಗೆ ಪ್ಲೇಗು ಹಬ್ಬಿದೆ ಎಂದು ಊರ ಬಾಗಿಲು ಹಾಕಿಬಿಟ್ಟಿದ್ದಾರೆ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿದ್ದ ಪಾದ್ರಿ ಒಳಗೆ ಹೋಗುವಂತಿಲ್ಲ. ಒಬ್ಬ ರೊಟ್ಟಿ ಸುಡುವವನ ಹೆಂಡತಿಗೆ ಆಗ ಹೆರಿಗೆಯಾಗುತ್ತದೆ. ಲೂರ್ದುಗೆ ಮುಂದೇನು ಬರುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿರಲಿಲ್ಲ.

ಮಗು ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಪಾದ್ರಿ ಇಲ್ಲದಿದ್ದರೆ ಯಾರು ಬೇಕಾದರೂ ಹಣೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು. ಪಕ್ಕದ ಮನೆಯ ಮುದುಕಿ ನೀರಿನ ಪಾತ್ರೆ ಹಿಡಿದು ತೊಟ್ಟಿಲ ಬಳಿ ನಿಲ್ಲುತ್ತಾಳೆ. ನಿಂತೇ ಇರುತ್ತಾಳೆ. ನೀರು ಹೊಯ್ಯುವುದಿಲ್ಲ. ಮಗು ಹೋಗಿಬಿಡುತ್ತದೆ.

ಲೂರ್ದುವಿನ ದನಿ ನಡುವೆ ತುಂಡಾಯಿತು. ಅವಳು ನನ್ನನ್ನು ಅಲ್ಲೇ ಇಟ್ಟು ಪುಸ್ತಕ ಮುಚ್ಚಿದಳು. ಮುಚ್ಚಿದ ಪುಸ್ತಕದೊಳಗಿನಿಂದ ನಾನು ಕೇಳಿಸಿಕೊಂಡೆ.

"ಆಮೇಲೆ?" ಎಂದಳು ರಾಯಮ್ಮ.

"ಆಮೇಲೇನಿಲ್ಲ. ಅಷ್ಟೇ."

"ಆ ಮಗು ಆತ್ಮಕ್ಕೆ ಅಂತ ಯಾರಾದ್ರೂ ಚರ್ಚಾಗೆ ಪೂಜೆ ಕೊಟ್ರಾ?"

"ಇದು ಕತೆ ಅತ್ತೆ. ಯಾರೋ ಬರ್ದಿರೋದು. ಮಗೂನೂ ಇಲ್ಲ, ಏನೂ ಇಲ್ಲ."

"ಕತೆ ಆದ್ರೇನು? ಸತ್ತಿದ್ದು ಮಗು ಅಲ್ವಾ?" ಎಂದು ಹೇಳಿ ಆಕೆ ಎದ್ದು ಹೊರಗೆ ಹೋದಳು. ಸೊಪ್ಪು ಹಾಕುವ ಹೊತ್ತಾದರೂ ಒಳಗೆ ಬರಲಿಲ್ಲ.

ಮರುದಿನ ಲೂರ್ದು ತೋಟಕ್ಕೆ ಸೊಪ್ಪು ಬಿಡಿಸಲು ಹೋದಾಗ ರಾಯಮ್ಮ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಸ್ವಾಮಿಗಳಿರುವ ಗುರುಮನೆಗೆ ನಡೆದಳು. ನಾನೂ ಜೊತೆಗೆ ಹೋದೆ, ನನ್ನನ್ನು ಕೇಳುವವರು ಯಾರು? ಹೊಸ ಸ್ವಾಮಿಗಳು ಫಾದರ್ ಮರಿಜೋಸೆಫ್ ಅಂತ, ಇನ್ನೂ ಚಿಕ್ಕ ವಯಸ್ಸು. ಊರಿಗೆ ಬಂದು ಕೆಲವು ತಿಂಗಳಾಗಿತ್ತು. ಜನರ ಮುಖಗಳು ಗೊತ್ತಿದ್ದವು, ಮನೆಗಳ ಒಳಗಿನದು ಗೊತ್ತಿರಲಿಲ್ಲ.

"ಸ್ತೋತ್ರ ಸ್ವಾಮಿ. ಸತ್ತೋರಿಗೆ ಒಂದು ಪೂಜೆ ಕೊಡ್ಬೇಕಾಗಿತ್ತು."

"ಆಗ್ಲಿ ಅಮ್ಮ. ಯಾರು ತೀರ್ಕೊಂಡ್ರು?"

"ಒಂದು ಮಗು ಸ್ವಾಮಿ. ಪ್ಲೇಗು ಬಂದು."

ಫಾದರ್ ಕುರ್ಚಿಯಿಂದ ಅರ್ಧ ಎದ್ದರು. "ಪ್ಲೇಗಾ? ಎಲ್ಲಿ? ಡಾಕ್ಟರಿಗೆ ತಿಳಿಸಿದ್ರಾ?"

"ಇಲ್ಲಿ," ಎಂದು ರಾಯಮ್ಮ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ನಾನಿದ್ದ ಪುಟವನ್ನು ತೆರೆದು ತೋರಿಸಿದಳು. ಆಕೆಗೆ ಅಕ್ಷರ ಬಾರದಿದ್ದರೂ ಪುಟ ತಪ್ಪಲಿಲ್ಲ, ನಾನಿದ್ದೆನಲ್ಲ.

ಫಾದರ್ ಎರಡೂ ಪುಟ ಓದಿದರು. ನಗಲಿಲ್ಲ. ಆ ಒಂದು ಕಾರಣಕ್ಕೆ ಆ ಮನುಷ್ಯನನ್ನು ನಾನು ಮೆಚ್ಚುತ್ತೇನೆ. ಮೃದುವಾಗಿ ಹೇಳಿದರು: "ಅಮ್ಮ, ಇದು ಕಾದಂಬರಿ. ಬರೆದವರು ಕಲ್ಪನೆ ಮಾಡಿಕೊಂಡಿದ್ದು. ಹುಟ್ಟದೇ ಇರೋ ಮಗುವಿಗೆ ಪೂಜೆ ಹೇಗೆ ಇಡ್ಲಿ?"

"ಗೊತ್ತು ಸ್ವಾಮಿ. ನಮ್ ಲೂರ್ದೂನೂ ಅದೇ ಹೇಳಿದ್ಲು." ರಾಯಮ್ಮ ಎದ್ದು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. "ಆ ಪಕ್ಕದ್ಮನೆ ಮುದುಕಿ ಇದ್ಲಲ್ಲ ಸ್ವಾಮಿ, ನೀರು ಹಿಡ್ಕೊಂಡು ನಿಂತಿದ್ಲಲ್ಲ. ಅವ್ಳು ಯಾಕೆ ಹುಯ್ಲಿಲ್ಲ ಅಂತ ಬರ್ದೋರು ಬರ್ದಿಲ್ಲ. ಅವ್ರಿಗೆ ಗೊತ್ತಿಲ್ಲ. ನಂಗೊತ್ತು."

ಫಾದರ್ ತೆರೆದ ಪುಸ್ತಕವನ್ನು ಹಾಗೇ ಬದಿಗೆ ಸರಿಸಿದರು.

"ನನ್ ಕೈಲೂ ನೀರಿನ ಬಾಟ್ಲಿ ಇತ್ತು. ಆಸ್ಪತ್ರೇಲಿ. ಹುಯ್ದೆ ಅಂದ್ರೆ ಮಗು ಹೋಯ್ತದೆ ಅಂತ ನಾನೇ ಒಪ್ಕೊಂಡಂಗೆ ಆಯ್ತದಲ್ಲ ಸ್ವಾಮಿ. ಒಪ್ಕೊಳ್ಳಾಕೆ ಆಗ್ಲಿಲ್ಲ. ಬದುಕ್ತದೆ, ಬದುಕ್ತದೆ ಅಂತಾನೇ ನಿಂತಿದ್ದೆ. ಮನೆಗೆ ಬಂದ್ಮೇಲೆ ಹೆಸ್ರು ಇಡಾನ ಅಂದ್ರೆ ಅದುಕ್ಕೂ ಒಪ್ಲಿಲ್ಲ. ಹೆಸ್ರಿಲ್ದಂಗೇ ಬೇಲಿ ಮೂಲೇಲಿ ಮಣ್ಣು ಮಾಡುದ್ರು. ನಮ್ ಯಜಮಾನ್ರ ಹೆಸ್ರನ್ನ ಇನ್ನೊಂದ್ಸಲ ಮಣ್ಣಿಗೆ ಹಾಕಾಕೆ ನನ್ ಕೈಲಾಗ್ಲಿಲ್ಲ. ಅದ್ನ ಬಾಯಿಬಿಟ್ಟು ಹೇಳ್ಲಿಲ್ಲ, ಮುಂದಿನೋನಿಗಿರ್ಲಿ ಅಂದ್ಬುಟ್ಟೆ. ಲೂರ್ದೂಗೆ ಬೇರೆ ಥರ ಕೇಳುಸ್ತು."

ಗುರುಮನೆಯ ಗಡಿಯಾರ ಬಡಿದುಕೊಳ್ಳುತ್ತಿತ್ತು. ಫಾದರ್ ಎದ್ದು ಬಂದು ಆಕೆಯ ಪಕ್ಕದ ಬೆಂಚಿನ ಮೇಲೆ ಕೂತರು. ಆ ಮಗುವನ್ನು ದೇವರು ಕೈಬಿಟ್ಟಿಲ್ಲ, ಅಂಥ ಮಕ್ಕಳಿಗಾಗಿ ಧರ್ಮಸಭೆಯೂ ಪ್ರಾರ್ಥಿಸುತ್ತದೆ, ಬೇಲಿ ಮೂಲೆಯೆಲ್ಲ ಮನುಷ್ಯರು ಮಾಡಿಕೊಂಡದ್ದು ಎಂದು ಹೇಳಿದರು. ತಾವೇ ಬಂದು ಆ ಜಾಗವನ್ನು ಮಂತ್ರಿಸಿ ಶಿಲುಬೆ ನೆಡುವುದಾಗಿ ಹೇಳಿದರು. ರಾಯಮ್ಮ ತಲೆ ಆಡಿಸುತ್ತಲೇ ಇದ್ದಳು. ಎಷ್ಟು ಕೇಳಿಸಿತೋ ಏನೋ.

"ಭಾನುವಾರದ ಪೂಜೆಗೆ ಇಡ್ತೀನಿ ಅಮ್ಮ. ಯಾರ ಹೆಸರಲ್ಲಿ?"

ಆಕೆ ಸೆರಗಿನ ತುದಿಯನ್ನು ಬೆರಳಿಂದ ಬಿಚ್ಚಿದಳು, ಮತ್ತೆ ಸುತ್ತಿದಳು. ಆ ಹೆಸರನ್ನು ಕೊಟ್ಟರೆ ಕೊಟ್ಟ ಹಾಗೆ. ಮುಂದೆ ಎಂದಾದರೂ ಮನೆಯಲ್ಲಿ ಗಂಡು ಮಗು ಓಡಾಡಿದರೆ, ಅದನ್ನು ಗಂಡನ ಹೆಸರಿನಿಂದ ಕೂಗುವ ಆಸೆಯನ್ನು ಇಲ್ಲಿಗೇ ಬಿಡಬೇಕು. ಆಕೆ ಅದನ್ನು ಲೆಕ್ಕ ಹಾಕುತ್ತಿದ್ದುದು ನನಗೆ ಮುಖದಲ್ಲೇ ಕಂಡಿತು.

"ಇನ್ನಾಸಪ್ಪ," ಎಂದಳು.

"ನಿಮ್ಮ ಯಜಮಾನ್ರಾ?"

"ಅಲ್ಲ ಸ್ವಾಮಿ. ನಮ್ ಲೂರ್ದು ಮಗ."

ಆಕೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಪುಸ್ತಕ ಮೊದಲಿದ್ದ ಜಾಗಕ್ಕೇ ಬಂದು ಕೂತಿತು. ಭಾನುವಾರ ಲೂರ್ದು ಅದನ್ನು ಮುಗಿಸದೆಯೇ ಸಿಸ್ಟರಿಗೆ ವಾಪಸ್ ಕೊಡಬೇಕೆಂದು ಚರ್ಚಿಗೆ ತಂದಿದ್ದಳು. ಹೆಂಗಸರ ಸಾಲಿನಲ್ಲಿ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು, ಗುರುತು ಪುಸ್ತಕದ ಜೊತೆ ಹೋಗಿಬಿಡಬಾರದೆಂದು ನನ್ನನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ರಾಯಮ್ಮ ಯಾವತ್ತೂ ಮುಂದೆ ಕೂರುವವಳು ಅವತ್ತು ಹಿಂದಿನ ಕಂಬದ ಮರೆಯಲ್ಲಿದ್ದಳು.

ಪೂಜೆ ಶುರುವಾಗುವ ಮುಂಚೆ ಅರುಳಪ್ಪನವರು ಮೈಕು ತಟ್ಟಿ ನೋಡಿ, ಎಂದಿನ ಗತ್ತಿನಲ್ಲಿ ಓದಿದರು: "ಇಂದಿನ ಬಲಿಪೂಜೆಯನ್ನು, ಚೌರಪ್ಪ ಮತ್ತು ಲೂರ್ದು ಮೇರಿ ಅವರ ಪ್ರೀತಿಯ ಮಗ ಇನ್ನಾಸಪ್ಪ, ಈತನಿಗಾಗಿ ಅರ್ಪಿಸಲಾಗುವುದು."

ಓದಿ ಮುಗಿಸಿದ ಮೇಲೆ ಅವರ ದನಿಯ ಗತ್ತು ಇಳಿಯಿತು. ತಾವು ಓದಿದ್ದು ಏನೆಂದು ಅವರಿಗೂ ಆಗಲೇ ಗೊತ್ತಾಗಿದ್ದು. ಅಂದು ಜಗುಲಿಯಲ್ಲಿ ಕೂತು ಬೇಲಿ ಮೂಲೆ ಎಂದು ತೀರ್ಮಾನ ಮಾಡಿದವರಲ್ಲಿ ಅವರೂ ಒಬ್ಬರಾಗಿದ್ದರು. ಗಂಡಸರ ಸಾಲಿನಲ್ಲಿ ಚೌರಪ್ಪ ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಲೂರ್ದು ಅಳಲಿಲ್ಲ. ನನ್ನನ್ನು ಹಿಡಿದಿದ್ದ ಮುಷ್ಟಿ ಬಿಗಿಯಾಯಿತು, ಎಷ್ಟು ಬಿಗಿಯಾಯಿತೆಂದರೆ ನನ್ನ ಎಡತೋಳು ಸೀಳಿಹೋಯಿತು. ನನಗೆ ನೋವಾಗಲಿಲ್ಲ. ಪೂಜೆ ಮುಗಿಯುವವರೆಗೂ ಆ ಮುಷ್ಟಿ ಸಡಿಲವಾಗಲಿಲ್ಲ, ನಾನು ಅವಳ ಬೆವರಿನಲ್ಲಿ ನೆನೆದು ಮತ್ತೆ ಹಸಿ ಗರಿಯ ಹಾಗೆ ಮೆತ್ತಗಾದೆ.

ಹೊರಗೆ ರಾಯಮ್ಮ ಯಾರ ಕೈಗೂ ಸಿಗದೆ ಬಿರಬಿರನೆ ನಡೆದು ಹೋಗುತ್ತಿದ್ದಳು. ಲೂರ್ದು ಹಿಂದಿನಿಂದ ಓಡಿ ಬಂದಳು.

"ಅತ್ತೆ, ನಿಂತ್ಕೊಳ್ಳಿ."

ಆಕೆ ನಿಂತಳು, ತಿರುಗಲಿಲ್ಲ.

"ಪುಸ್ತಕ ಬದ್ಲಾಯಿಸ್ಬೇಕು. ನೀವೂ ಬನ್ನಿ. ಯಾವ ಕಾಲದ್ದು ಬೇಕು ಅಂತ ನೀವೇ ಹೇಳಿ."

ರಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಕಾಲದ್ದಾದ್ರೂ ತಗೊ ಮಗ. ಮಕ್ಳು ಸಾಯಾದು ಮಾತ್ರ ಬ್ಯಾಡ."

ಲೂರ್ದು ಆಕೆಯ ಕೈ ಹಿಡಿದುಕೊಂಡಳು. ಒಂದು ಕೈಯಲ್ಲಿ ಅತ್ತೆ, ಇನ್ನೊಂದು ಕೈಯಲ್ಲಿ ಪುಸ್ತಕ ಮತ್ತು ನಾನು, ಹಾಗೇ ಕಾನ್ವೆಂಟಿಗೆ ಹೋದೆವು. ಆ ವಾರವೇ ಫಾದರ್ ಬೇಲಿಯ ಮೂಲೆಯಲ್ಲಿ ಒಂದು ಮರದ ಶಿಲುಬೆ ನೆಟ್ಟರು.

ಅದಾದ ಮೇಲೆ ನಾನು ಎಷ್ಟು ಕಾಲ, ಎಷ್ಟು ದೇಶ ಸುತ್ತಿದೆನೋ. ಹಡಗಿನಲ್ಲಿ ಹೋದೆ, ಮರುಭೂಮಿಯ ಒಂಟೆಗಳ ಹಿಂದೆ ಹೋದೆ. ನಮ್ಮದೇ ಮೈಸೂರು ಸೀಮೆಯಲ್ಲಿ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದ ಪಾದ್ರಿಯೊಬ್ಬನ ಕಥೆಯಲ್ಲಿ ಒಂದು ಮಳೆಗಾಲ ಪೂರ್ತಿ ಇದ್ದೆ. ಆ ಪಾದ್ರಿಗೆ ರಾಗಿ ಮುದ್ದೆ ನುಂಗಲು ಬರುವುದಿಲ್ಲವೆಂದು ರಾಯಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಅಕ್ಕಪಕ್ಕದ ಹೆಂಗಸರೂ ಓದು ಕೇಳಲು ಬರತೊಡಗಿದರು. ಹುಳುಮನೆಗೆ ಹೊರಗಿನವರನ್ನು ಬಿಡಬಾರದೆಂದು ಓದು ಜಗುಲಿಗೆ ಬಂತು. ಪ್ರತಿ ವರ್ಷ ಬುಟ್ಟಿ ಬರುತ್ತದೆ, ನನಗಿಂತ ಹೊಸ ಗರಿಗಳು ಹೋಗುತ್ತವೆ, ನನ್ನನ್ನು ಯಾರೂ ಕೇಳುವುದಿಲ್ಲ. ಒಮ್ಮೊಮ್ಮೆ ಅನಿಸುತ್ತದೆ, ನನ್ನವರೆಲ್ಲ ಬೂದಿಯಾಗಿ ಜನರ ಹಣೆಯ ಮೇಲೆ ಕೂತರು, ನಾನೊಬ್ಬ ಕಥೆ ಕೇಳುತ್ತಾ ಉಳಿದೆ ಎಂದು. ಹೆಚ್ಚು ದಿನ ಬದುಕಿದವರಿಗೆ ಈ ಒಂಟಿತನ ಇದ್ದದ್ದೇ. ಆದರೆ ಸುಳ್ಳು ಕಥೆಯೊಂದು ನಿಜವಾದ ಬಾಗಿಲನ್ನು ತೆರೆದದ್ದನ್ನು ಕಣ್ಣಾರೆ ಕಂಡವನು ನಾನು, ನನಗೆ ದೂರುವ ಹಕ್ಕಿಲ್ಲ.

ಈಗ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಿದ್ದಾರೆ. ಗಂಡು ಮಗು, ದಿನ ತುಂಬಿ ಹುಟ್ಟಿದವನು, ಗಂಟಲು ಹರಿಯುವ ಹಾಗೆ ಅಳುತ್ತಾನೆ. ಮೊನ್ನೆ ಸಂಜೆ ಲೂರ್ದು ತೊಟ್ಟಿಲು ತೂಗುತ್ತಾ ಓದುತ್ತಿದ್ದಳು. ಜ್ಞಾನಸ್ನಾನದ ವಿವರ ಕೇಳಿಕೊಂಡು ಹೋಗಲು ಅರುಳಪ್ಪನವರು ಬಂದರು. ಈಗ ಅವರಿಗೂ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ.

"ಹೆಸ್ರೇನ್ ಕೇಳಾದು ಬುಡು. ತಾತನ ಹೆಸ್ರೇ ತಾನೇ? ಇನ್ನಾಸಪ್ಪ," ಎಂದರು ಕೂರುತ್ತಾ.

"ಅದೆಂಗಾಯ್ತದೆ?" ಎಂದಳು ರಾಯಮ್ಮ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲವೇ ಅನ್ನುವ ದನಿ. "ಆ ಹೆಸ್ರು ಇವ್ನ ಅಣ್ಣಂದು."

ಲೂರ್ದು ಓದುವುದನ್ನು ನಿಲ್ಲಿಸಿ ನನ್ನನ್ನು ಪುಟದಲ್ಲಿಟ್ಟಳು. ತೊಟ್ಟಿಲ ಮೇಲೆ ಬಾಗಿ ಮಗುವಿನ ತಲೆ ಸವರಿದಳು.

"ಇನ್ನಾಸಪ್ಪಂಗೂ ಹಿಂಗೇ ಕೂದ್ಲಿತ್ತು ಅಲ್ವಾ ಅತ್ತೆ?" ಎಂದಳು. ಆ ಹೆಸರು ಅವಳ ಬಾಯಿಂದ ಗಟ್ಟಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇವ್ನುದೇನು ಮಹಾ," ಎಂದಳು ರಾಯಮ್ಮ. "ಅವ್ನುದು ಇನ್ನೂ ದಟ್ಟಗಿತ್ತು."

ಅವತ್ತು ಓದು ಮುಂದಕ್ಕೆ ಹೋಗಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಅವನ ವಿಷಯವೇ ಮಾತಾಡಿದರು. ನಾನಿನ್ನೂ ಅದೇ ಪುಟದಲ್ಲಿ ಇದ್ದೇನೆ, ನನಗೆ ಅವಸರವಿಲ್ಲ.